ಫ್ಯೂಸಿನ ಜಾಗದ ತಂತಿ

ಟಿವಿ ರಿಪೇರಿಯವನಿಗೆ ಬೀದಿಯವರು ಇಟ್ಟ ಹೆಸರು ಸಿಡಿಮದ್ದು. ಸುಳ್ಳು ಹೆಸರೇನಲ್ಲ. ಟಿವಿ ಆನ್ ಆಗುತ್ತಿಲ್ಲವೆಂದು ಯಾರಾದರೂ ಅಂಗಡಿಗೆ ಬಂದರೆ, ‘ಪ್ಲಗ್ ಹಾಕಿದ್ರಾ? ಸ್ವಿಚ್ ಒತ್ತಿದ್ರಾ? ಕಣ್ಣು ಬಿಟ್ಟು ನೋಡಿದ್ರಾ?’ ಎಂದೇ ಶುರು. ಕೆಲಸ ಅಚ್ಚುಕಟ್ಟು, ಬಾಯಿ ಹೊಲಸು. ಹಾಲು ಕೊಡುವ ಹಸು ಒದ್ದರೂ ಸೈ ಎಂದು ಜನ ಬೈಸಿಕೊಂಡೇ ಬರುತ್ತಿದ್ದರು.

ಅವನ ಸಿಟ್ಟಿನ ಮುಕ್ಕಾಲು ಪಾಲು ತಮ್ಮನಿಗೆ ಮೀಸಲು. ತಮ್ಮನದೂ ಅದೇ ಕಸುಬು. ಅಪ್ಪನ ಅಂಗಡಿ ಪಾಲಾದ ಮೇಲೆ ಎದುರು ಸಾಲಿನಲ್ಲೇ ಬೋರ್ಡು ಹಾಕಿಕೊಂಡಿದ್ದ. ಇಬ್ಬರಿಗೂ ಮಾತಿರಲಿಲ್ಲ. ಇಬ್ಬರೂ ಹೋಗುತ್ತಿದ್ದ ಮನೆ ಒಂದೇ, ಅಕ್ಕನದು. ಅಮ್ಮ ಹೋದ ಮೇಲೆ ಇಬ್ಬರಿಗೂ ತುತ್ತಿಟ್ಟವಳು ಅವಳು. ಆ ಮನೆಯ ಬಾಗಿಲು ತಮ್ಮನಿಗೆ ಮುಚ್ಚಬೇಕು, ಅಕ್ಕ ತನ್ನೊಬ್ಬನಿಗೇ ಅಕ್ಕನಾಗಿರಬೇಕು: ನಲವತ್ತು ದಾಟಿದ ಗಂಡಸಿನ ಆಸೆ ಇದು. ನಾಚಿಕೆಗೇಡು ಅನ್ನಿ, ಆದರೂ ಅವನಿಗೆ ಇದ್ದದ್ದು ಅದೊಂದೇ ಆಸೆ.

ಒಂದು ಬೆಳಿಗ್ಗೆ ಅಕ್ಕ ಫೋನ್ ಮಾಡಿದಳು. ಟಿವಿಯ ಹಿಂದಿನಿಂದ ಹೊಗೆ ಎದ್ದು ಕಿಟಕಿಯ ಪರದೆಗೆ ಬೆಂಕಿ ಹತ್ತಿತ್ತು. ಭಾವ ಮೇನ್ ಸ್ವಿಚ್ ಇಳಿಸಿ, ಕಂಬಳಿಯಿಂದ ಬಡಿದು ಆರಿಸಿ, ಕೆಲಸಕ್ಕೆ ಹೋಗಿಯಾಗಿತ್ತು. ಸಿಡಿಮದ್ದು ಚೀಲ ಹೆಗಲಿಗೇರಿಸಿ ಓಡಿದ.

ನಡುಮನೆ ಇನ್ನೂ ಸುಟ್ಟ ಪ್ಲಾಸ್ಟಿಕ್ ನಾರುತ್ತಿತ್ತು. ಮೇನ್ ಹಾಕಿ ಟೆಸ್ಟರ್‌ನಿಂದ ಗೋಡೆಯ ಸಾಕೆಟ್ ನೋಡಿದ, ಸರಿಯಿತ್ತು. ವೈರೂ ಸರಿಯಿತ್ತು. ಟಿವಿಯನ್ನು ಹಾಸಿಗೆಯ ಮೇಲೆ ಬೋರಲು ಹಾಕಿ ಹಿಂಬದಿ ಬಿಚ್ಚಿದ. ಪವರ್ ಬೋರ್ಡು ಅರ್ಧ ಕಪ್ಪಾಗಿತ್ತು. ಫ್ಯೂಸ್ ಇರಬೇಕಾದ ಜಾಗದಲ್ಲಿ ಬರಿಯ ತಾಮ್ರದ ತಂತಿ. ಕರೆಂಟ್ ಮಿತಿಮೀರಿ ನುಗ್ಗಿದಾಗ ತಾನು ಸುಟ್ಟು ಮನೆ ಉಳಿಸುವುದು ಫ್ಯೂಸ್. ಅದರ ಜಾಗದಲ್ಲಿ ತಂತಿ ಕಟ್ಟುವವನನ್ನು ಅಪ್ಪ ಕೊಲೆಗಾರ ಎನ್ನುತ್ತಿದ್ದರು.

ಸಿಡಿಮದ್ದಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

‘ಅಕ್ಕ, ಬಾ ಇಲ್ಲಿ. ನಿನ್ನ ಮುದ್ದಿನ ತಮ್ಮನ ಕೆಲಸ ನೋಡು. ಫ್ಯೂಸ್ ಕಿತ್ತು ತಂತಿ ಕಟ್ಟಿದ್ದಾನೆ. ನಿನ್ನ ಮನೆ ಸುಡೋಕೇ ಕಟ್ಟಿದ್ದಾನೆ ಅಂದ್ಕೊ.’

‘ಅವನೇನಾ?’

‘ಹೋದ ವರ್ಷ ಈ ಬೋರ್ಡು ರಿಪೇರಿ ಮಾಡಿದ್ದು ಮತ್ತ್ಯಾರು?’

ಅಕ್ಕನ ಮುಖ ಬಿಳಚಿಕೊಂಡಿತು. ಅವಳ ಮಗಳು ಆ ಟಿವಿಯ ಮುಂದೆಯೇ ನಿದ್ದೆ ಹೋಗುವವಳು. ‘ಈಗಿಂದೀಗಲೇ ಬಾ’ ಎಂದು ತಮ್ಮನಿಗೆ ಫೋನ್ ಮಾಡಿ, ಕಣ್ಣೊರೆಸಿಕೊಳ್ಳುತ್ತ ಅಡುಗೆಮನೆಗೆ ಹೋದಳು.

ಅವನು ಬರುವುದರೊಳಗೆ ಇನ್ನೂ ನಾಲ್ಕು ತಪ್ಪು ಹುಡುಕಿಡೋಣವೆಂದು ಸಿಡಿಮದ್ದು ಬೋರ್ಡಿಗೆ ಟಾರ್ಚ್ ಬಿಟ್ಟ. ಆಗ ಕಂಡಿತು. ತಂತಿಯ ತುದಿಯನ್ನು ಒಂದು ಸುತ್ತು ಸುತ್ತಿ, ಕೊಕ್ಕೆ ಮಾಡಿ, ಆಮೇಲೆ ಬೆಸುಗೆ ಹಾಕಿತ್ತು. ತಮ್ಮ ಅವಸರದವನು, ತಂತಿ ಇಟ್ಟು ಬೆಸುಗೆ ಸುರಿದು ಏಳುವವನು. ಕೊಕ್ಕೆ ಹಾಕುತ್ತಿದ್ದವರು ಇಬ್ಬರೇ. ಅವರಲ್ಲಿ ಅಪ್ಪ ಸತ್ತು ವರ್ಷಗಳಾಗಿದ್ದವು.

ಈ ಬೇಸಿಗೆಯ ಫೈನಲ್ ಮ್ಯಾಚು ಆಗ ನೆನಪಾಯಿತು. ಅಕ್ಕ, ಮಗಳು ಮನೆಯಲ್ಲಿರಲಿಲ್ಲ. ಟಿವಿ ಕೆಟ್ಟಿತೆಂದು ಭಾವ ಇವನನ್ನು ಕರೆಸಿದ್ದ, ಭಾವನ ಸ್ನೇಹಿತರು ಕೂಗಾಡುತ್ತಿದ್ದರು, ಚೀಲದಲ್ಲಿ ಫ್ಯೂಸ್ ಇರಲಿಲ್ಲ. ಸದ್ಯಕ್ಕೆ ಈ ತಂತಿ ಇರಲಿ, ನಾಳೆ ಸರಿಯಾದದ್ದು ಹಾಕಿದರಾಯಿತು ಎಂದುಕೊಂಡಿದ್ದ. ನಾಳೆ ಎಂದವನ ಮನೆ ಹಾಳು ಅನ್ನುತ್ತಾರೆ. ಇಲ್ಲಿ ಹಾಳಾಗಲಿದ್ದದ್ದು ಅಕ್ಕನ ಮನೆ.

ಅಡುಗೆಮನೆಗೆ ಹೋಗಿ ಎರಡು ಮಾತು ಹೇಳಿದ್ದರೆ ಸಾಕಿತ್ತು. ಊರನ್ನೆಲ್ಲ ಬೈಯುವ ಬಾಯಿಗೆ ಬೀಗ ಬಿದ್ದಿತ್ತು.

ತಮ್ಮ ಬಂದ. ಬಗ್ಗಿ ನೋಡಿದ. ಆಮೇಲೆ ಅಣ್ಣನನ್ನು ನೋಡಿದ. ಅಣ್ಣ ಸ್ಕ್ರೂಗಳನ್ನು ಆರಿಸಿ ಡಬ್ಬಿಗೆ ಹಾಕುತ್ತಿದ್ದ.

‘ಇದನ್ನ ಕಟ್ಟಿದ್ದು ನೀನೇನಾ?’ ಅಕ್ಕ ಕೇಳಿದಳು.

‘ಹೂಂ ಅಕ್ಕ, ನಾನೇ.’

‘ನನ್ನ ಮಗು ಸುಟ್ಟುಹೋಗ್ತಿತ್ತು ಕಣೋ.’

‘ಹೂಂ.’

‘ಇನ್ನು ಈ ಮನೆ ಹೊಸಿಲು ತುಳೀಬೇಡ.’

ತಮ್ಮ ಹೊರಟ. ಸಿಡಿಮದ್ದು ಗೇಟಿನವರೆಗೆ ಹಿಂದೆಯೇ ಹೋದ. ವರ್ಷಗಳ ಮೇಲೆ ಆಡಿದ ಮೊದಲ ಮಾತು: ‘ಯಾಕೋ ಹಾಗಂದೆ?’

‘ನಿನ್ನ ಕೊಕ್ಕೆ ನನಗೆ ಗೊತ್ತಾಗಲ್ವಾ?’ ಎಂದ ತಮ್ಮ, ಚಪ್ಪಲಿ ಮೆಟ್ಟುತ್ತ. ‘ನಿನ್ನ ಮೇಲಿನ ಪ್ರೀತಿಯಿಂದ ಅಂದೆ ಅಂದ್ಕೋಬೇಡ. ನಿನ್ನ ಜೊತೆ ಜಗಳ ಆಡೋಕೂ ನನಗೆ ಅಸಹ್ಯ. ಅಕ್ಕ ಬೇಕಿತ್ತಲ್ಲ, ನೀನೇ ಇಟ್ಕೊ. ದಿನಾ ಬಾ. ಅವಳ ಮುಖ ನೋಡ್ಕೊಂಡು ಕಾಫಿ ಕುಡಿ.’

ಒಳಗೆ ಬಂದರೆ ಅಕ್ಕ ಲೋಟ ಹಿಡಿದು ನಿಂತಿದ್ದಳು. ‘ನೀನಿಲ್ದಿದ್ರೆ ನಮ್ಮ ಗತಿ ಏನಾಗ್ತಿತ್ತೋ. ಇನ್ಮೇಲೆ ನನಗೆ ತಮ್ಮ ಅಂತ ಇರೋನು ನೀನೊಬ್ಬನೇ.’

ಇಷ್ಟು ವರ್ಷ ಕೇಳಬೇಕೆಂದಿದ್ದ ಮಾತು ಇದೇ. ಸಿಡಿಮದ್ದು ಲೋಟ ತೆಗೆದುಕೊಂಡು ಒಂದು ಗುಟುಕು ಕುಡಿದ. ‘ಸಕ್ಕರೆ ಹಾಕೋಕೂ ಬರಲ್ವಾ ನಿನಗೆ?’ ಎಂದು ಅವಳ ಮೇಲೆ ರೇಗಿದ.