ಅಧ್ಯಕ್ಷರ ಹಿತ್ತಿಲಿನ ಬಲೆ

ಗುಡವಿ ಕೆರೆಯ ಆಸುಪಾಸಿನಲ್ಲಿ ಗುತ್ಯಮ್ಮನ ಗಂಡ ಶಿವರಾಮನನ್ನು ‘ಹಕ್ಕಿ ಶಿವರಾಮಣ್ಣ’ ಎಂದರೇ ಜನಕ್ಕೆ ಗೊತ್ತಾಗುವುದು. ಊರಿನ ಹತ್ತು ಮಂದಿ ಸೇರಿ ಕಟ್ಟಿದ ಪಕ್ಷಿಮಿತ್ರ ಬಳಗಕ್ಕೆ ಅವನೇ ಅಧ್ಯಕ್ಷ. ಕೆರೆಗೆ ಬರುವ ಬೆಳ್ಳಕ್ಕಿಗಳ ಬಗ್ಗೆ ಮೈಕು ಹಿಡಿದು ಮುಕ್ಕಾಲು ಗಂಟೆ ಮಾತಾಡಬಲ್ಲ. ತನ್ನ ಹಿತ್ತಿಲಲ್ಲಿ ಕೆದಕಿಕೊಂಡಿದ್ದ ಕೋಳಿಗಳು ಮಾತ್ರ ಅವನ ದೃಷ್ಟಿಯಲ್ಲಿ ಹಕ್ಕಿಗಳಲ್ಲ. ಅವು ಗುತ್ಯಮ್ಮನ ಕೋಳಿಗಳು.

ಅಂಜನಾಪುರದಿಂದ ಸೊಸೆಯಾಗಿ ಬಂದ ಗುತ್ಯಮ್ಮ ಮೂವತ್ತು ವರ್ಷದಿಂದ ಕೋಳಿ ಸಾಕಿದವಳು. ಯಾವ ಹೇಂಟೆ ಕಾವಿಗೆ ಕೂರುತ್ತದೆ, ಯಾವುದು ಪಕ್ಕದ ಮನೆಯ ಹುಲ್ಲಿನ ಬಣವೆಯಲ್ಲಿ ಮೊಟ್ಟೆಯಿಟ್ಟು ಏನೂ ಅರಿಯದ ಹಾಗೆ ಬರುತ್ತದೆ ಎಂಬುದನ್ನು ನಡಿಗೆ ನೋಡಿಯೇ ಹೇಳುತ್ತಿದ್ದಳು. ಈ ಸಲ ಮಳೆ ಬಿಟ್ಟ ಮೇಲೆ ಗ್ರಹಚಾರ ಕೆಟ್ಟಿತು. ಬೆಳಿಗ್ಗೆ ಮುಂಗುಸಿ ಬೇಲಿಯ ಬುಡದಲ್ಲಿ ನುಸುಳಿ ಹೇಂಟೆಗಳ ಕುತ್ತಿಗೆಗೆ ಬಾಯಿ ಹಾಕಿತು. ಬಿಸಿಲೇರಿದ ಮೇಲೆ ಗಿಡುಗ ಎರಗಿ ಮರಿಗಳನ್ನು ಎತ್ತಿತು. ಎರಡೂ ಪಾಳಿ ಹಂಚಿಕೊಂಡಂತಿತ್ತು. ಹದಿನೈದು ದಿನದಲ್ಲಿ ಹಿತ್ತಿಲಲ್ಲಿ ಉಳಿದದ್ದು ಪುಕ್ಕ ಮಾತ್ರ.

ಕಣ್ಣೊರೆಸಿಕೊಳ್ಳುತ್ತ ಅದನ್ನು ಗುಡಿಸುತ್ತಿದ್ದ ಹೆಂಡತಿಗೆ ಶಿವರಾಮ ಸಮಾಧಾನ ಹೇಳಿದ. “ಗಿಡುಗಕ್ಕೂ ಹೊಟ್ಟೆ ಇರ್ತದೆ ಕಣೇ. ಇದೆಲ್ಲ ಪ್ರಕೃತಿಯ ಸಮತೋಲನ.”

“ಹೌದಾ? ಹಂಗಾರೆ ಮಧ್ಯಾಹ್ನ ನಿಮ್ಮ ತಟ್ಟೆನೂ ಅದಕ್ಕೇ ಇಟ್ಟು ಬರ್ತೀನಿ ತಡೀರಿ. ಸಮತೋಲನ ಇನ್ನೂ ಚೆನ್ನಾಗಾಗ್ತದೆ.”

ಮರುದಿನವೇ ಅವಳು ಬಸ್ಸು ಹತ್ತಿ ತವರಿಗೆ ಹೋದಳು. ಅಣ್ಣ ರಾಮಪ್ಪ ಅಂಜನಾಪುರದ ಹಿನ್ನೀರಿನಲ್ಲಿ ಮೀನು ಹಿಡಿಯುವವನು. ಎರಡು ದಿನ ಬಿಟ್ಟು ಮರಳಿದಾಗ ಗುತ್ಯಮ್ಮನ ಬುಟ್ಟಿಯಲ್ಲಿ ಒಂದು ಕರಿ ಹೇಂಟೆ, ಅದರ ಒಂಬತ್ತು ಮರಿಗಳು. ಚೀಲದಲ್ಲಿ ಅಣ್ಣನ ಹಳೇ ಮೀನುಬಲೆ. ಬೇಲಿಯ ಸುತ್ತ ಮೊಳದಾಳ ಅಗೆದು ಕಲ್ಲು ತುಂಬಿದಳು. ಗಳ ನೆಟ್ಟು ಮೇಲೆಲ್ಲ ಬಲೆ ಎಳೆದು ಕಟ್ಟಿದಳು.

ಸಂಜೆ ಸೊರಬದಲ್ಲಿ ಭಾಷಣ ಮುಗಿಸಿ ಬಂದ ಶಿವರಾಮ ಬಲೆ ಕಂಡು ಚಪ್ಪಲಿಯನ್ನೂ ಬಿಡದೆ ಹಿತ್ತಿಲಿಗೆ ಓಡಿದ. ‘ಬಲೆ ಬಿಡಿ, ಹಕ್ಕಿ ಉಳಿಸಿ’ ಎಂದು ಹೋದ ವರ್ಷ ಮೆರವಣಿಗೆ ಹೊರಡಿಸಿದ್ದವನೇ ಅವನು.

“ಗುತ್ಯಮ್ಮ, ಇದನ್ನ ಈಗ್ಲೇ ಬಿಚ್ಚು. ಅಧ್ಯಕ್ಷನ ಮನೇಲೇ ಬಲೆ ಅಂದ್ರೆ ಜನ ಎಂತ ಹೇಳ್ತಾರೆ?”

“ಅಧ್ಯಕ್ಷರು ಊರ ಹಕ್ಕಿ ಕಾಯ್ಲಿ. ಮನೇದನ್ನ ಬಲೆ ಕಾಯ್ತದೆ.”

ಮೂರನೇ ದಿನ ಬಳಗದ ಕಾರ್ಯದರ್ಶಿ ಹರೀಶ ಆ ದಾರಿಯಲ್ಲಿ ಬಂದವನು ಫೋಟೋ ಹೊಡೆದು ವಾಟ್ಸಾಪ್ ಗುಂಪಿಗೆ ಹಾಕಿಬಿಟ್ಟ. ವರ್ಷದಿಂದ ಸಭೆಗೆ ಮುಖ ತೋರಿಸದವರೂ ‘ಖಂಡಿಸುತ್ತೇನೆ’ ಎಂದು ಬರೆದರು. ಭಾನುವಾರ ನಾಲ್ಕು ಜನರ ಪರಿಶೀಲನಾ ಸಮಿತಿ ಮನೆಗೇ ಬಂತು. ಶಿವರಾಮ ಆರೋಪಿಯ ಹಾಗೆ ಕುರ್ಚಿ ಹಾಕಿಕೊಟ್ಟು ನಿಂತ.

ಸಮಿತಿ ಬಲೆಯ ಕಣ್ಣುಗಳಿಗೆ ಬೆರಳು ತೂರಿಸಿ ಅಳೆಯಿತು. ಹರೀಶ ಗಂಟಲು ಸರಿಮಾಡಿಕೊಂಡ. “ಅತ್ತಿಗೆ, ಇದ್ರಲ್ಲಿ ಯಾವ್ದಾದ್ರೂ ಹಕ್ಕಿ ಸಿಕ್ಕಿಬಿದ್ದಿದ್ಯಾ?”

“ಹತ್ತು ಒಳಗೇ ಇದಾವಲ್ಲ, ಕಾಣಲ್ವಾ?”

“ಅವು ಕೋಳಿ.”

“ಕೋಳಿಗೇನು ರೆಕ್ಕೆ ಇಲ್ವಾ?”

ಈ ಪ್ರಶ್ನೆಯ ಮೇಲೆ ಸಮಿತಿಯಲ್ಲೇ ಎರಡು ಪಂಗಡವಾಗಿ ಒಂದು ಗಂಟೆ ವಾದ ನಡೆಯಿತು. ಊಟದ ಹೊತ್ತಾದಂತೆ ಸದಸ್ಯರ ಕಣ್ಣು ಬಲೆಯಿಂದ ಜಾರಿ ಬಲೆಯೊಳಗೆ ಇಳಿಯಿತು. “ಆ ಕರಿ ಹೇಂಟೆ ಏನ್ ಮೈ ತುಂಬ್ಕೊಂಡಿದೆ ಮಾರಾಯ್ರೇ! ನಾಟಿಕೋಳಿ ಸಾರು ಉಂಡು ಯಾವ ಕಾಲ ಆಯ್ತೋ,” ಎಂದ ಹರೀಶ.

ಗುತ್ಯಮ್ಮನಿಗೆ ಅರ್ಥವಾಯಿತು. ಒಂದು ಜಾತಿ ಬುಡದಿಂದ ಬರುತ್ತದೆ, ಇನ್ನೊಂದು ಮೇಲಿನಿಂದ ಬರುತ್ತದೆ. ಈ ಮೂರನೆಯದು ಮುಂಬಾಗಿಲಲ್ಲೇ ಬಂದು ಕುರ್ಚಿಯ ಮೇಲೆ ಕೂರುತ್ತದೆ. ಅವಳು ಬೇಲಿಯ ತಡಿಕೆ ಬಾಗಿಲಿಗೆ ಇನ್ನೊಂದು ಗಂಟು ಬಿಗಿದು ಅಡುಗೆಮನೆಗೆ ನಡೆದಳು.

“ಅದು ಮರಿ ಇರೋ ಹೇಂಟೆ ಕಣೋ ಹರೀಶ. ಅದನ್ನ ಮುಟ್ಟಂಗಿಲ್ಲ.”

ಹೊರಗೆ ಗಂಡನ ದನಿ ಕೇಳಿ ಗುತ್ಯಮ್ಮನ ಕೈಯ ಸೌಟು ನಿಂತಿತು. ಮೈಕಿಲ್ಲದೆ ಅವನು ಇಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ಅವಳು ಕೇಳಿರಲಿಲ್ಲ. ಎಲ್ಲರಿಗೂ ಬಸಳೆ ಸಾರೇ ಬಡಿಸಿದಳು. ಅವನ ತಟ್ಟೆಗೆ ಒಂದು ಸೌಟು ಹೆಚ್ಚು ಬಿತ್ತು.

‘ಸದರಿ ಬಲೆಯು ಪಕ್ಷಿಗಳನ್ನು ಹಿಡಿಯಲು ಕಟ್ಟಿದ್ದಲ್ಲ, ಪಕ್ಷಿ ಸಂರಕ್ಷಣೆಗಾಗಿಯೇ ಕಟ್ಟಿದ್ದೆಂದು ಕಂಡುಬಂದಿದೆ’ ಎಂದು ಸಮಿತಿ ವರದಿ ಬರೆಯಿತು.

ಮರಿಗಳು ಗಿಡುಗಕ್ಕೆ ಜಗ್ಗದಷ್ಟು ದೊಡ್ಡವಾದವು, ಒಂಬತ್ತೂ. ಅಷ್ಟರಲ್ಲಿ ಒಂದು ಬೆಳಿಗ್ಗೆ ಹರೀಶ ಒಬ್ಬನೇ ಬಂದು, ಅತ್ತ ಇತ್ತ ನೋಡಿ ಪಿಸುಗುಟ್ಟಿದ. “ಅತ್ತಿಗೆ, ನಮ್ಮನೇಲೂ ಮರಿ ಹೋಗ್ತಾ ಇದಾವೆ. ಮಿಕ್ಕಿದ ಬಲೆ ಇದ್ರೆ ಚೂರು... ಶಿವರಾಮಣ್ಣಂಗೆ ಗೊತ್ತಾಗೂದು ಬೇಡ.”

ಗುತ್ಯಮ್ಮ ಬಲೆ ತಂದುಕೊಟ್ಟಳು. ಮುಚ್ಚಿಕೊಳ್ಳಲು ಚೀಲ ಕೇಳಿದರೆ ಮಾತ್ರ ಇಲ್ಲವೆಂದಳು. “ಬುಡಕ್ಕೆ ಕಲ್ಲು ತುಂಬೋದು ಮರೀಬೇಡ,” ಎಂದು ಕೂಗಿ ಹೇಳುವಷ್ಟರಲ್ಲಿ ಹರೀಶ ರಸ್ತೆ ಬಿಟ್ಟು ಗದ್ದೆಯ ಬದುವಿಗೆ ಇಳಿದಾಗಿತ್ತು.