ನೀಲವ್ವತ್ತೆ ನೋಡದ ಆಟ

ಕುಸುಬಿ ಎಣ್ಣೆಯಲ್ಲಿ ಬೆಳ್ಳುಳ್ಳಿ ಕಾಯುವ ವಾಸನೆ ಎಲ್ಲಿಂದ ಬಂದರೂ ಸರಿ, ನಾಳೆ ಪಂದ್ಯವಿದೆ ಎಂದು ನನಗೆ ಈಗಲೂ ಅನ್ನಿಸುತ್ತದೆ. ಮುದ್ದೇಬಿಹಾಳದಿಂದ ತಾಳಿಕೋಟೆಗೆ ಹೋಗುವ ದಾರಿಯಲ್ಲಿ ನಮ್ಮೂರು. ತೊಂಬತ್ತರ ದಶಕದಲ್ಲಿ ಅಲ್ಲೊಂದು ಕಬಡ್ಡಿ ತಂಡವಿತ್ತು. ಊರೆಲ್ಲ ಅದನ್ನು ನೋಡಿ ನಗುತ್ತಿದ್ದಾಗ ನಗದೇ ಉಳಿದವಳು ಒಬ್ಬಳೇ, ಗಂಡ ತೀರಿದ ಮೇಲೆ ತವರಿಗೆ ಬಂದಿದ್ದ ನಮ್ಮಪ್ಪನ ಅಕ್ಕ ನೀಲವ್ವತ್ತೆ. ಪಂದ್ಯದ ಮುನ್ನಾದಿನ ಹುಡುಗರೆಲ್ಲ ನಮ್ಮ ಪಡಸಾಲೆಯಲ್ಲಿ ಕಾಲು ಚಾಚಿ ಕೂರುತ್ತಿದ್ದರು. ಅತ್ತೆ ಬಿಸಿ ಎಣ್ಣೆಯ ಬಟ್ಟಲು ಇಟ್ಟು ಬೈಯುತ್ತ ನಿಲ್ಲುತ್ತಿದ್ದಳು: "ಸರಿಯಾಗಿ ತಿಕ್ಕೊಳ್ರೋ! ಬಿದ್ರ ಎಲುಬು ನಿಮ್ಮವು, ಮರ್ಯಾದಿ ನಂದು."

ಆದರೆ ಅವಳು ಆಟ ನೋಡುತ್ತಿರಲಿಲ್ಲ. ಮೊದಲ ಸಲ ಆಟದ ಬಯಲಿಗೆ ಹೋದ ದಿನ ತಂಡ ಸೋತಿತ್ತು. ತನ್ನ ಕಣ್ಣು ತಾಗಿಯೇ ಸೋತರೆಂದು ತಾನೇ ತೀರ್ಮಾನಿಸಿ, ಮತ್ತೆ ಅತ್ತ ಕಾಲಿಡಲಿಲ್ಲ. ಅವಳು ಇಲ್ಲದಾಗಲೂ ಅವರು ಸೋಲುತ್ತಲೇ ಇದ್ದರು. ಆ ಮಾತು ಅವಳ ತಲೆಗೆ ಹೋಗಲೇ ಇಲ್ಲ. ಮಾಳಿಗೆ ಹತ್ತಿ, ಬಯಲಿಗೆ ಬೆನ್ನು ಮಾಡಿ ಕೂತು, ಬರೀ ಕೂಗು ಕೇಳುತ್ತಿದ್ದಳು. ತಾನು ಬದುಕಿರುವಾಗ ಒಂದು ಪಂದ್ಯಾವಳಿಯ ಗೆಲುವು, ಅಷ್ಟೇ ಅವಳ ಆಸೆ. ಓಡಿ ಬಂದು ಪಾಯಿಂಟು ಹೇಳುವ ಕೆಲಸ ನನ್ನದು. ನಿಮ್ಮ ಮನೆಯಲ್ಲೂ ಇಂಥ ಹುಚ್ಚಿನವರು ಒಬ್ಬರಿದ್ದರೆ, ಅದೆಂಥ ಭಾರದ ಕೆಲಸವೆಂದು ನಿಮಗೂ ಗೊತ್ತಿರುತ್ತದೆ.

ಒಂದು ವರ್ಷ ಹೇಗೋ ಫೈನಲ್ಲಿಗೆ ಬಂದರು. ಇನ್ನು ಎರಡೇ ನಿಮಿಷ, ನಾವು ಐದು ಪಾಯಿಂಟು ಮುಂದೆ. ನನಗೆ ತಡೆಯಲಾಗಲಿಲ್ಲ. ಲಂಗ ಎತ್ತಿಕೊಂಡು ಓಡಿ, ಅಂಗಳದಿಂದಲೇ "ಅತ್ತಿ, ಗೆದ್ರು!" ಎಂದು ಕೂಗಿದೆ. ಅವಳು ಕೆಳಗಿಳಿದು ಬಂದು, ನನ್ನ ಎರಡೂ ಕೆನ್ನೆ ಹಿಡಿದು ಅತ್ತಳು. ಆಮೇಲೆ ಒಲೆ ಹೊತ್ತಿಸಿ, ಬೆಲ್ಲ ಕುಟ್ಟಿ ಮಾದಲಿ ಮಾಡಿದಳು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದವಳು ನಾನು. ಮಾದಲಿಗೆ ತುಪ್ಪ ಬೀಳುವ ಹೊತ್ತಿಗೆ ಹುಡುಗರು ಬಂದರು. ನಾಯಕ ಬಸು ಕಂಬ ಹಿಡಿದು ನಿಂತು, "ಒಂದ ಪಾಯಿಂಟಿಲೆ ಹೋತ್ರಿ, ಅಕ್ಕಾ" ಎಂದ. ಅತ್ತೆ ನನ್ನನ್ನೊಮ್ಮೆ ನೋಡಿದಳು. ಹೊಡೆದಿದ್ದರೆ ಚೆನ್ನಾಗಿತ್ತು. "ಕೈಕಾಲು ತೊಳಕೊಂಡು ಬರ್ರಿ" ಎಂದಳು ಅವರಿಗೆ, "ಸೋತಾವ್ರಿಗೆ ಹಸಿವಿ ಇರೂದಿಲ್ಲೇನು?" ಎಲ್ಲರೂ ತಲೆ ತಗ್ಗಿಸಿ ಆ ಸಿಹಿ ತಿಂದರು.

ತಂಡ ಮತ್ತೆ ಫೈನಲ್ ಕಾಣಲಿಲ್ಲ. ಬಸುವಿನ ಮೊಣಕಾಲು ಹೋಯಿತು, ಇಬ್ಬರು ಗೋವಾಕ್ಕೆ ದುಡಿಯಲು ಹೋದರು, ಉಳಿದವರು ಸಂಸಾರಸ್ಥರಾದರು. ಬಯಲಿನಲ್ಲಿ ಗೋದಾಮು ಎದ್ದಿತು. ಆದರೂ ಚಳಿಗಾಲ ಬಂದರೆ ಅತ್ತೆ ಎಣ್ಣೆ ಕಾಸಿ ಪಡಸಾಲೆಯಲ್ಲಿಡುತ್ತಿದ್ದಳು; ಅದು ಅಲ್ಲೇ ಆರಿ ಕಮಟಾಗುತ್ತಿತ್ತು. ನಾನು ಕಾಲೇಜಿಗೆ ಹೋಗುವಾಗ ಅವಳು ಹಾಸಿಗೆ ಹಿಡಿದಳು. ಒಂದು ಮಧ್ಯಾಹ್ನ ಇದ್ದಕ್ಕಿದ್ದಂತೆ ಕೇಳಿದಳು: "ಎಷ್ಟಾತು ಪಾಯಿಂಟು?" ಹೋಗುವ ಜೀವ ಸುಖವಾಗಿ ಹೋಗಲಿ ಎಂದುಕೊಂಡು, "ಗೆದ್ರು, ಅತ್ತಿ" ಎಂದೆ.

ಅವಳು ನನ್ನನ್ನು ತುಸು ಹೊತ್ತು ನೋಡಿದಳು. ಆಮೇಲೆ ಬಾಗಿಲ ಕಡೆ ಮಗ್ಗುಲಾಗಿ, "ಹುಡುಗ್ರು ಬರ್ಲಿ. ಅವ್ರ ಬಾಯಿಲೆ ಕೇಳ್ತೇನಿ" ಎಂದಳು. ಕೊನೆಯ ಉಸಿರಿನವರೆಗೂ ಅವಳು ಆ ಬಾಗಿಲನ್ನೇ ನೋಡುತ್ತಿದ್ದಳು.