ಬೆನ್ನು ಹಾಕಿ ಕಲಿಸಿದ ತಿಮ್ಮಕ್ಕ

ತಿಮ್ಮಕ್ಕ ಶಾಲೆಗೆ ಹೋದದ್ದು ಎರಡೇ ದಿನ. ಎರಡನೆಯ ದಿನ ಮಾಸ್ತರರು ಎಲ್ಲರ ಎದುರು ನಿಲ್ಲಿಸಿ ಏನೋ ಕೇಳಿದರು. ಮನೆಯಲ್ಲಿ ತುಳು ಮಾತ್ರ ಕೇಳಿ ಬೆಳೆದ ಹುಡುಗಿಗೆ ಆ ಕನ್ನಡ ಅರ್ಥವಾಗಲಿಲ್ಲ. ತಲೆ ತಗ್ಗಿಸಿ ನಿಂತಳು, ಇಡೀ ಕೋಣೆ ನಕ್ಕಿತು. ಮೂರನೆಯ ದಿನ ಅವಳು ಹೋಗಲೂ ಇಲ್ಲ, ಯಾರೂ ಕರೆಯಲೂ ಇಲ್ಲ. ಅದೇ ಮಾಸ್ತರರನ್ನು ಕಾಡಿಗೆ ಕರೆದುಕೊಂಡು ಹೋಗಿ ಹತ್ತು ಬಳ್ಳಿಗಳ ಹೆಸರು ಕೇಳಿದ್ದರೆ ಅವರ ತಲೆಯೂ ತಗ್ಗುತ್ತಿತ್ತು. ಆದರೆ ಕೇಳುವವರು ಯಾರು ಹೇಳಿ!

ಈಗ ಅವಳಿಗೆ ಅರವತ್ತೇಳು. ಕಲ್ಲುಗುಂಡಿಯಿಂದ ಮೇಲೆ, ಕಾಡಿನಂಚಿನಲ್ಲಿ ಮಲೆಕುಡಿಯ ಬುಡಕಟ್ಟಿನವರ ಏಳೆಂಟು ಮನೆಗಳಿವೆ, ಅದರಲ್ಲೊಂದು ಅವಳದು. ಯಾವ ಬಳ್ಳಿ ಒಣಗಿದ ಮೇಲೂ ಮುರಿಯುವುದಿಲ್ಲ, ಯಾವುದನ್ನು ಎಷ್ಟು ಹೊತ್ತು ನೀರಿಗೆ ಹಾಕಬೇಕು ಎಂಬುದೆಲ್ಲ ಅವಳ ಬೆರಳ ತುದಿಯಲ್ಲಿದೆ. ಅರಂತೋಡಿನ ಕೃಷಿಕರು ಅಡಿಕೆ ಹೊರಲು ಬುಟ್ಟಿ ಕೊಳ್ಳುವಾಗ ಕೇಳುವುದು ಒಂದೇ ಪ್ರಶ್ನೆ, "ತಿಮ್ಮಕ್ಕನದ್ದಾ?" ಹೌದೆಂದರೆ ಮತ್ತೆ ತಿರುಗಿಸಿ ನೋಡುವುದಿಲ್ಲ.

ಇಂಥ ತಿಮ್ಮಕ್ಕನ ಹೊಟ್ಟೆಗೆ ಬೆಂಕಿ ಬಿದ್ದದ್ದು ಮೊಮ್ಮಗಳ ದೆಸೆಯಿಂದ. ನಾಲ್ಕನೆಯ ತರಗತಿಯ ದೀಪ್ತಿ ದಸರಾ ರಜೆ ಮುಗಿದರೂ ಶಾಲೆಗೆ ಹೊರಡಲಿಲ್ಲ. ಗದರಿಸಿ ಕೇಳಿದ್ದಕ್ಕೆ ಕೊನೆಗೆ ಬಾಯಿ ಬಿಟ್ಟಳು. "ಕಾಡಿನವರಿಗೆ ಎಂತ ಗೊತ್ತುಂಟು ಅಂತ ನಗಾಡ್ತಾರೆ ಅಜ್ಜಿ. ನಾನು ಹೋಗುದಿಲ್ಲ."

ಅಯ್ಯೋ ದೇವರೇ, ನನ್ನದು ಎರಡು ದಿನಕ್ಕೆ ಮುಗಿಯಿತು, ಇವಳದ್ದು ನಾಲ್ಕು ವರ್ಷಕ್ಕೆ ಮುಗಿಯಬೇಕಾ? ಎಂದುಕೊಂಡಳು ತಿಮ್ಮಕ್ಕ.

ಎರಡು ದಿನ ಕಳೆದು ದೀಪ್ತಿಯ ಶಾಲೆಯ ಕೌಸಲ್ಯಾ ಟೀಚರ್ ಏದುಸಿರು ಬಿಡುತ್ತಾ ಗುಡ್ಡ ಹತ್ತಿ ಬಂದರು. ವಿಷಯ ಅವರಿಗೂ ತಿಳಿದಿತ್ತು.

"ತಿಮ್ಮಕ್ಕಾ, ಶನಿವಾರ ಮಕ್ಕಳಿಗೆ ಪುಸ್ತಕದ ಪಾಠ ಇಲ್ಲ. ನೀವು ಬಂದು ಬುಟ್ಟಿ ಹೆಣೆಯುದು ಕಲಿಸಬೇಕು."

"ಎಂತ ಟೀಚರೇ, ತಮಾಷೆ ಮಾಡುದಾ? ನನಗೆ ಅ ಆ ಬರುದಿಲ್ಲ."

"ನನಗೆ ಬುಟ್ಟಿ ಬರುದಿಲ್ಲ. ಸರಿಗೆ ಸರಿ ಆಯ್ತಲ್ಲ?"

"ಬರ್ತೇನೆ. ಆದ್ರೆ ದೀಪ್ತಿಯೂ ಬರಬೇಕು," ಎಂದಳು ತಿಮ್ಮಕ್ಕ. ಶನಿವಾರ ದೀಪ್ತಿ ಶಾಲೆಗೆ ಬಂದಳು. ಬಂದು ಗೋಡೆಗೆ ಒರಗಿ ಕೊನೆಯ ಸಾಲಿನಲ್ಲಿ, ಅಜ್ಜಿಯ ಗುರುತೇ ಇಲ್ಲದವಳ ಹಾಗೆ ಕುಳಿತಳು.

ತಿಮ್ಮಕ್ಕ ಬಳ್ಳಿಯ ಕಟ್ಟು ಬಿಚ್ಚಿದಳು, ನೆಲದ ಮೇಲೆ ಕುಳಿತಳು, ಮಕ್ಕಳಿಗೆ ಬೆನ್ನು ಹಾಕಿ ಹೆಣೆಯತೊಡಗಿದಳು. ಒಂದು ಮಾತಿಲ್ಲ! ಮಕ್ಕಳು ಕಿಸಕ್ಕೆಂದರು. ಟೀಚರ್ ಕಕ್ಕಾಬಿಕ್ಕಿಯಾದರು. ತಿಮ್ಮಕ್ಕ ಕಲಿತದ್ದೇ ಹಾಗೆ, ಅಮ್ಮನ ಹಿಂದೆ ಕೂತು, ಹೆಗಲ ಮೇಲಿಂದ ಇಣುಕಿ. ಇದನ್ನೂ ಬಿಡಿಸಿ ಹೇಳಬೇಕೆಂದು ಅವಳಿಗೆ ಹೊಳೆಯಲಿಲ್ಲ. ಊಟಕ್ಕೆ ಕೂತವರಿಗೆ ಬಾಯಿ ತೆರೆಯಿರಿ ಎಂದು ಯಾರಾದರೂ ಹೇಳುತ್ತಾರೆಯೇ? ಮೂರು ಶನಿವಾರ ಕಳೆಯುವಷ್ಟರಲ್ಲಿ ಮಕ್ಕಳೇ ಒಬ್ಬೊಬ್ಬರಾಗಿ ಮುಂದೆ ಸರಿದು ಅವಳ ಹೆಗಲಿಗೆ ಗಲ್ಲ ತಾಗಿಸುವಷ್ಟು ಹತ್ತಿರ ಬಂದರು. ದೀಪ್ತಿ ಮಾತ್ರ ಗೋಡೆ ಬಿಡಲಿಲ್ಲ.

ನಾಲ್ಕನೆಯ ಶನಿವಾರ, ಈ ತರಗತಿ ಮುಂದುವರಿಸಬೇಕೋ ಬೇಡವೋ ಎಂದು ನೋಡಲು ಗಿರಿಧರ ಎಂಬ ಅಧಿಕಾರಿ ಬಂದರು. ಕೆಟ್ಟವರೇನಲ್ಲ, ಅವಸರದವರು.

"ಇದೆಂತ ಟೀಚರ್, ಬೆನ್ನು ಹಾಕಿ ಪಾಠವಾ? ಮುಖ ನೋಡದೆ ಕಲಿಸುದು ಹೇಗೆ? ಹೀಗಾದ್ರೆ ಇದನ್ನು ಮುಂದುವರಿಸಿ ಅಂತ ನಾನು ಬರೆಯುದು ಹೇಗೆ?"

ಒಂದಿಬ್ಬರು ನಕ್ಕರು. ತಿಮ್ಮಕ್ಕನ ಕೈ ನಿಂತಿತು. ಅದೇ ನಗು, ಅದೇ ತಲೆ ತಗ್ಗುವ ಹೊತ್ತು.

"ಸರ್," ಎಂದಿತು ಕೊನೆಯ ಸಾಲಿನಿಂದ ಒಂದು ದನಿ. ದೀಪ್ತಿ ಎದ್ದು ನಿಂತಿದ್ದಳು. "ಎದುರು ಕೂತ್ರೆ ಅಜ್ಜಿಯ ಬಲಗೈ ನಿಮ್ಮ ಎಡಗೈ ಕಡೆ ಬರ್ತದೆ. ಬಳ್ಳಿ ಉಲ್ಟಾ ಹೋಗ್ತದೆ. ನಮ್ಮಲ್ಲಿ ಕಲಿಯುವವರು ಹಿಂದೆ ಕೂರುದು."

ನಮ್ಮಲ್ಲಿ ಎಂದಳು! ಇಡೀ ತರಗತಿಗೆ ಕೇಳುವಂತೆ ಎಂದಳು. ತಿಮ್ಮಕ್ಕನ ಕಣ್ಣು ಮಂಜಾಯಿತು.

"ಹೌದಾ? ನೋಡುವ," ಎಂದು ಗಿರಿಧರ ಹಟಕ್ಕೆ ಬಿದ್ದವರಂತೆ ತಿಮ್ಮಕ್ಕನ ಎದುರೇ ಕುಳಿತು ಬಳ್ಳಿ ಹಿಡಿದರು. ನಾಲ್ಕು ಸುತ್ತು ಬರುವಷ್ಟರಲ್ಲಿ ಎಲ್ಲ ಗೋಜಲು.

"ಈ ಬಳ್ಳಿ ಸರಿ ಇಲ್ಲ." ಕುಣಿಯಲಾರದವಳು ನೆಲ ಡೊಂಕು ಎಂದಳಂತೆ!

"ಬಳ್ಳಿ ಸರಿ ಉಂಟು ಸರ್. ಹಿಂದೆ ಬನ್ನಿ," ಎಂದಳು ದೀಪ್ತಿ.

ಅಧಿಕಾರಿ ಪ್ಯಾಂಟು ಮೇಲೆತ್ತಿಕೊಂಡು ಮಕ್ಕಳ ನಡುವೆ ನುಸುಳಿ, ತಿಮ್ಮಕ್ಕನ ಹೆಗಲ ಮೇಲಿಂದ ಇಣುಕಿದರು. ಅವಳು ಬೇಕೆಂದೇ ಕೈ ನಿಧಾನ ಮಾಡಿದಳು. ಸ್ವಲ್ಪ ಹೊತ್ತಿಗೆ, "ಬಂತು ಮಾರಾಯ್ರೆ, ಬಂತು!" ಎಂದು ಅವರು ಕೂಗಿದ್ದಕ್ಕೆ ಪಕ್ಕದ ಕೋಣೆಯ ಟೀಚರ್ ಓಡಿ ಬಂದರು. ತರಗತಿ ಮುಂದುವರಿಯಲಿ ಎಂದು ಅಲ್ಲೇ ಕೂತು ಬರೆದುಕೊಟ್ಟರು. ತಾವು ಅರ್ಧ ಹೆಣೆದ ವಕ್ರ ಬುಟ್ಟಿಯನ್ನೂ ಬಿಡದೆ ಕಾರಿನಲ್ಲಿಟ್ಟುಕೊಂಡು ಹೋದರು.

ತಿಮ್ಮಕ್ಕ ಸೊಂಟಕ್ಕೆ ಕೈಯಿಟ್ಟು ಎದ್ದಳು. "ನನಗೆ ಸೊಂಟ ನೋವು ಮಗಾ. ಉಳಿದದ್ದು ನೀನು ಹೆಣೆ."

ಸೊಂಟಕ್ಕೆ ಏನೂ ಆಗಿರಲಿಲ್ಲ. ದೀಪ್ತಿ ಒಂದು ಕ್ಷಣ ಅಜ್ಜಿಯ ಮುಖ ನೋಡಿದಳು. ಆಮೇಲೆ ಮುಂದೆ ಬಂದು, ನಕ್ಕಿದ್ದವರೂ ಸೇರಿ ಇಡೀ ತರಗತಿಗೆ ಬೆನ್ನು ಹಾಕಿ ಕುಳಿತು ಬಳ್ಳಿ ಎತ್ತಿಕೊಂಡಳು. ಯಾರೂ ನಗಲಿಲ್ಲ. ಹೆಗಲ ಹತ್ತಿರದ ಜಾಗಕ್ಕೆ ಮಕ್ಕಳು ನೂಕಾಡಿದರು.

ಆ ಮಕ್ಕಳ ಹಿಂದೆ, ಮೊಮ್ಮಗಳು ಬಿಟ್ಟ ಗೋಡೆಯ ಬದಿಯಲ್ಲಿ, ತಿಮ್ಮಕ್ಕ ಕಾಲು ಮಡಚಿ ಕುಳಿತು ಕತ್ತು ನೀಡಿದಳು. ಅರವತ್ತು ವರ್ಷ ತಡವಾಗಿ, ಶಾಲೆಯಲ್ಲಿ ಅವಳ ಮೂರನೆಯ ದಿನ ಶುರುವಾಯಿತು.